ರಿಪೋರ್ಟ್ ಲೇಟ್ ಆಗೋದು ಎಲ್ಲಿ?

ಓದುಗರ ಪ್ರಶ್ನೆಗಳಿಗೆ ಪ್ಯಾಥಾಲಜಿಸ್ಟ್ ಉತ್ತರ

ಹಿಂದಿನ ಸಂಚಿಕೆಯಲ್ಲಿ ಲ್ಯಾಬ್ ರಿಪೋರ್ಟ್ ಓದುವುದು ಹೇಗೆ ಅಂತ ಬರೆದಿದ್ದೆ. ಆಮೇಲೆ ಬಂದ ಪತ್ರಗಳನ್ನು ನೋಡಿದರೆ, ಓದೋದಿರಲಿ, ಮೊದಲು ಅದು ಕೈಗೆ ಸಿಕ್ಕರೆ ಸಾಕು ಅನ್ನುವವರೇ ಜಾಸ್ತಿ. ಕಫ, ರಕ್ತ, ಎದೆಯಿಂದ ತೆಗೆದ ನೀರು, ಬೆನ್ನಿನ ನೀರು, ಮೂತ್ರ, ಎಲ್ಲದರ ಬಗ್ಗೆಯೂ ಒಂದೇ ದೂರು: ಇಷ್ಟೊತ್ತು ಯಾಕೆ? ಹಾಗಾಗಿ ಈ ಸಲ ಅಂಥ ಪತ್ರಗಳನ್ನೇ ಆರಿಸಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮಿಷನ್ ಒಳಗೆ ಸ್ಯಾಂಪಲ್ ಇರುವ ಹೊತ್ತು ಎಷ್ಟೋ ಟೆಸ್ಟ್‌ಗಳಲ್ಲಿ ಕಡಿಮೆಯೇ. ಅದನ್ನು ಮಿಷನ್‌ಗೋ ಮೈಕ್ರೋಸ್ಕೋಪ್‌ಗೋ ಇಡುವ ಹದಕ್ಕೆ ತರುವುದರಲ್ಲೇ ಹೊತ್ತು ಹೋಗುತ್ತದೆ. ಅಲ್ಲಿ ಕೆಲವು ಕಾಯುವಿಕೆಯನ್ನು ಕತ್ತರಿಸಬಹುದು, ಕೆಲವನ್ನು ಯಾರಪ್ಪ ಬಂದರೂ ಆಗುವುದಿಲ್ಲ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಶ್ವಾಸಕೋಶದ ಸುತ್ತ ನೀರು ತುಂಬಿದೆ ಅಂತ ಸೂಜಿ ಹಾಕಿ ಅರ್ಧ ಲೀಟರ್‌ನಷ್ಟು ತೆಗೆದರು. ಪ್ರೋಟೀನ್, ಎಡಿಎ ರಿಪೋರ್ಟ್ ಅದೇ ಸಂಜೆ ಬಂತು. ಕ್ಯಾನ್ಸರ್ ಇದೆಯಾ ಇಲ್ವಾ ಅನ್ನೋದಕ್ಕೆ ಮಾತ್ರ ‘ಸೆಲ್ ಬ್ಲಾಕ್ ಬರಲಿ’ ಅಂತ ನಾಲ್ಕು ದಿನ ಕಾಯಿಸಿದರು. ಅದೇ ನೀರು ತಾನೇ ಮೇಡಂ? ಒಂದಕ್ಕೆ ಸಂಜೆ, ಇನ್ನೊಂದಕ್ಕೆ ನಾಲ್ಕು ದಿನ ಯಾಕೆ? – ದಾವಣಗೆರೆಯ ಓದುಗರು

ಉತ್ತರ: ನೀರು ಅದೇ, ಆದರೆ ಅದರಲ್ಲಿ ಹುಡುಕುವುದು ಬೇರೆ. ಪ್ರೋಟೀನ್, ಎಲ್‌ಡಿಎಚ್, ಎಡಿಎ (ಟಿಬಿ ಅನುಮಾನಕ್ಕೆ ನೋಡುವ ಒಂದು ಕಿಣ್ವ) ಇವೆಲ್ಲ ನೀರಿನಲ್ಲಿ ಕರಗಿರುವ ವಸ್ತುಗಳು. ಸೆಂಟ್ರಿಫ್ಯೂಜ್‌ನಲ್ಲಿ ಹತ್ತು ನಿಮಿಷ ತಿರುಗಿಸಿ ಮೇಲಿನ ತಿಳಿಯನ್ನು ಮಿಷನ್‌ಗೆ ಕೊಟ್ಟರೆ ಆಯಿತು. ಕ್ಯಾನ್ಸರ್ ಹುಡುಕುವ ನಮ್ಮಂಥವರಿಗೆ ಬೇಕಾಗಿರುವುದು ಟ್ಯೂಬಿನ ತಳದಲ್ಲಿ ಕೂತ ಗಸಿ, ಯಾಕೆಂದರೆ ಕೋಶಗಳು ಇರುವುದು ಅಲ್ಲಿ.

ಆ ಗಸಿಯಿಂದ ಮೊದಲು ಸ್ಲೈಡ್ ಮಾಡುತ್ತಾರೆ. ಒಂದೆರಡು ಸ್ಲೈಡ್ ಗಾಳಿಗೆ ಒಣಗಿಸಿ ಜೀಮ್ಸಾ ಬಣ್ಣಕ್ಕೆ. ಇನ್ನೊಂದೆರಡು ಒಣಗುವ ಮೊದಲೇ 95 ಪರ್ಸೆಂಟ್ ಆಲ್ಕೋಹಾಲ್‌ಗೆ ಹಾಕಿ ಪ್ಯಾಪ್ ಬಣ್ಣಕ್ಕೆ. ಪ್ಯಾಪ್‌ನ ಮಾಮೂಲಿ ಕ್ರಮದಲ್ಲಿ ಒಂದು ಜಾಡಿಯಿಂದ ಇನ್ನೊಂದು ಜಾಡಿಗೆ ಅದ್ದುತ್ತಾ ಹೋದರೆ ಅರ್ಧ ಗಂಟೆ ಹತ್ತಿರ ಬೇಕು. 1995ರಲ್ಲಿ ಇದಕ್ಕೊಂದು ಅಡ್ಡದಾರಿ ಬಂತು, ಅಲ್ಟ್ರಾಫಾಸ್ಟ್ ಪ್ಯಾಪ್ ಅಂತ. ಒಣಗಿದ ಸ್ಲೈಡನ್ನು ಅರ್ಧ ನಿಮಿಷ ಸಲೈನ್‌ನಲ್ಲಿ ಇಡುತ್ತಾರೆ. ಒಣಗಿ ಮಸುಕಾದ ಕೋಶ ನೀರು ಕುಡಿದು ಮತ್ತೆ ತಿಳಿಯಾಗುತ್ತದೆ, ಜತೆಗೆ ಅಡ್ಡ ಬರುವ ಕೆಂಪು ರಕ್ತಕಣಗಳು ಒಡೆದು ಹೋಗುತ್ತವೆ. ಬಣ್ಣದ ಕೆಲಸ ಒಂದೂವರೆ ನಿಮಿಷಕ್ಕೆ ಇಳಿಯುತ್ತದೆ.

ಇನ್ನೂ ಅವಸರ ಇದ್ದರೆ ಅದಕ್ಕಿಂತ ಸರಳ ದಾರಿ ಇದೆ, ನನಗಂತೂ ತುಂಬ ಇಷ್ಟ. ಗಸಿಯ ಒಂದು ಹನಿ, ಅದರ ಮೇಲೆ ಟೊಲುಡಿನ್ ಬ್ಲೂ ಒಂದು ಹನಿ, ಕವರ್ ಸ್ಲಿಪ್ ಇಟ್ಟು ಹಸಿಯಾಗಿರುವಾಗಲೇ ನೋಡುವುದು. ಬಣ್ಣ ಹರಡುತ್ತಿದ್ದ ಹಾಗೇ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಚಿಕ್ಕ ಗಾಢ ನೀಲಿ ಚುಕ್ಕೆಗಳಾಗಿ ಕಾಣುತ್ತವೆ. ಶ್ವಾಸಕೋಶದ ಪೊರೆಯಿಂದ ಉದುರಿದ ಮೀಸೋಥೀಲಿಯಲ್ ಕೋಶಗಳು ಅಕ್ಕಪಕ್ಕ ಕೂತಿದ್ದರೂ ನಡುವೆ ಸಣ್ಣ ಕಿಂಡಿ ಬಿಟ್ಟಿರುತ್ತವೆ. ಅಡಿನೋಕಾರ್ಸಿನೋಮ ಎಂಬ ಕ್ಯಾನ್ಸರ್ ಇದ್ದರೆ ಕೋಶಗಳು ಒತ್ತಾಗಿ ಸೇರಿ, ನಯವಾದ ಅಂಚಿನ ಉಂಡೆಗಳಾಗಿ ತೇಲುತ್ತಿರುತ್ತವೆ. ನೀರು ತೆಗೆದ ಕೋಣೆಯಲ್ಲೇ ಮೈಕ್ರೋಸ್ಕೋಪ್ ಇದ್ದರೆ, ‘ಕೋಶ ಸಾಕಷ್ಟಿದೆ, ಅನುಮಾನವೂ ಇದೆ, ಇನ್ನಷ್ಟು ನೀರು ಕೊಡಿ’ ಅಂತ ಅಲ್ಲೇ ಹೇಳಬಹುದು.

ಹಾಗಿದ್ದ ಮೇಲೆ ನಾಲ್ಕು ದಿನ ಯಾಕೆ ಅಂದರೆ, ಬೇಗ ನೋಡುವುದೂ ಖಚಿತವಾಗಿ ಹೇಳುವುದೂ ಒಂದೇ ಅಲ್ಲ. ನೀರು ತುಂಬಿದಾಗ ಮೀಸೋಥೀಲಿಯಲ್ ಕೋಶಗಳು ಕೆರಳಿ ದಪ್ಪಗಾಗಿ, ನೋಡುವುದಕ್ಕೆ ಥೇಟ್ ಕ್ಯಾನ್ಸರ್ ಥರ ಆಗಿಬಿಡುತ್ತವೆ. ಟಿಬಿಯಲ್ಲಿ, ಹೃದಯದ ತೊಂದರೆಯಲ್ಲಿ, ಲಿವರ್ ಕಾಯಿಲೆಯಲ್ಲಿ ಕೂಡ. ಇನ್ನು ಕ್ಯಾನ್ಸರ್ ಅಂತ ಗೊತ್ತಾದರೂ ಅದು ಶ್ವಾಸಕೋಶದ್ದೋ, ಸ್ತನದ್ದೋ, ಹೊಟ್ಟೆಯದೋ ಅಂತ ತಿಳಿಯದೆ ಔಷಧಿ ಶುರು ಮಾಡುವುದು ಹೇಗೆ? ಅದಕ್ಕೇ ಸೆಲ್ ಬ್ಲಾಕ್. ಉಳಿದ ಗಸಿಗೆ ಪ್ಲಾಸ್ಮಾ ಮತ್ತು ತ್ರಾಂಬಿನ್ ಹಾಕಿದರೆ ಕೆಲವೇ ನಿಮಿಷದಲ್ಲಿ ಹೆಪ್ಪಾಗುತ್ತದೆ. ಆ ಹೆಪ್ಪನ್ನು ಫಿಲ್ಟರ್ ಪೇಪರಿನಲ್ಲಿ ಸುತ್ತಿ ಫಾರ್ಮಾಲಿನ್‌ಗೆ ಹಾಕುತ್ತಾರೆ. ಇಲ್ಲಿಗೆ ಬಂದ ಮೇಲೆ ಅವಸರ ನಡೆಯುವುದಿಲ್ಲ. ಫಾರ್ಮಾಲಿನ್ ಒಳಗೆ ಇಳಿದು ಕೋಶವನ್ನು ಗಟ್ಟಿ ಮಾಡಲು ಗಂಟೆಗಟ್ಟಲೆ ಬೇಕು. ಆರು ಗಂಟೆಗಿಂತ ಕಡಿಮೆ ಇಟ್ಟರೆ ಮುಂದಿನ ವಿಶೇಷ ಬಣ್ಣಗಳು ಕೈಕೊಡುತ್ತವೆ. ರಾತ್ರಿಯಿಡೀ ಪ್ರೊಸೆಸರ್‌ನಲ್ಲಿ ಆಲ್ಕೋಹಾಲ್, ಜೈಲೀನ್, ಕರಗಿದ ಮೇಣ. ಮಾರನೆಯ ದಿನ ಮೇಣದ ಗಡ್ಡೆಯನ್ನು ಮೂರು ನಾಲ್ಕು ಮೈಕ್ರಾನ್ ತೆಳ್ಳಗೆ ಕತ್ತರಿಸಿ ಮೊದಲ ನೋಟ. ಆಮೇಲೆ ಕ್ಯಾಲ್‌ರೆಟಿನಿನ್, ಟಿಟಿಎಫ್-1 ಅಂತ ಗುರುತು ಹಚ್ಚುವ ಪರೀಕ್ಷೆಗಳಿಗೆ ಇನ್ನೊಂದು ದಿನ. ಕ್ಯಾಲ್‌ರೆಟಿನಿನ್ ಹತ್ತಿದರೆ ಸಾಮಾನ್ಯವಾಗಿ ಮೀಸೋಥೀಲಿಯಲ್ ಕೋಶ, ಟಿಟಿಎಫ್-1 ಹತ್ತಿದರೆ ಅನುಮಾನ ಶ್ವಾಸಕೋಶದ ಕಡೆಗೆ. ನಡುವೆ ಭಾನುವಾರ ಬಂತೋ, ನಾಲ್ಕು ದಿನ ಆಗಿಯೇ ಆಗುತ್ತದೆ.

ಒಂದು ಗಂಟೆಯೊಳಗೆ ಸೆಲ್ ಬ್ಲಾಕ್ ಮಾಡಿಕೊಡುವ ಯಂತ್ರಗಳೂ ಇವೆ, ಇಲ್ಲವೆನ್ನುವುದಿಲ್ಲ. ಅದರಲ್ಲಿ ಫಾರ್ಮಾಲಿನ್ ಬದಲು ಆಲ್ಕೋಹಾಲ್ ಬಳಸುವುದರಿಂದ, ಪ್ರತಿ ವಿಶೇಷ ಬಣ್ಣವೂ ಆ ವಿಧಾನದಲ್ಲಿ ಸರಿಯಾಗಿ ಹತ್ತುತ್ತದೆಯೇ ಅಂತ ಲ್ಯಾಬಿನವರು ಹೊಸದಾಗಿ ಪರೀಕ್ಷಿಸಿ ನೋಡಬೇಕು. ದುಡ್ಡೂ ಜಾಸ್ತಿ. ನನ್ನ ಪ್ರಕಾರ ನಾಲ್ಕು ದಿನ ಕಾಯಿಸಿದ್ದು ತಪ್ಪಲ್ಲ. ಸ್ಲೈಡ್ ನೋಡಿದ ದಿನವೇ ಪ್ರಾಥಮಿಕ ರಿಪೋರ್ಟ್ ಕೊಡದೆ ಸುಮ್ನೆ ಕೂರಿಸಿದ್ದರೆ ಅದು ತಪ್ಪು. ಅದನ್ನು ನೀವು ಕೇಳಿ ಪಡೆಯಬಹುದು.

ಇನ್ನೆರಡು ಮಾತು. ಕ್ಯಾನ್ಸರ್‌ನಿಂದಲೇ ನೀರು ತುಂಬಿರುವವರಲ್ಲಿ ಕೂಡ ಮೊದಲ ಸಲದ ನೀರಿನಲ್ಲಿ ಕೋಶ ಸಿಗುವುದು ನೂರಕ್ಕೆ ಸುಮಾರು 60 ಜನರಲ್ಲಿ. ಹಾಗಾಗಿ ಒಂದು ಸಲ ‘ಇಲ್ಲ’ ಅಂತ ಬಂದರೆ ಕೇಸ್ ಮುಗಿಯಿತು ಅಂದುಕೊಳ್ಳಬೇಡಿ. ಮತ್ತೆ, ಅರ್ಧ ಲೀಟರ್ ತೆಗೆದು ಲ್ಯಾಬಿಗೆ ಐದು ಎಂಎಲ್ ಕಳಿಸಿ ಮಿಕ್ಕಿದ್ದನ್ನು ಚೆಲ್ಲುವ ಅಭ್ಯಾಸ ಕೆಲವು ಕಡೆ ಇದೆ. ಕ್ಯಾನ್ಸರ್ ಅನುಮಾನ ಇದ್ದರೆ 50 ಎಂಎಲ್ ಆದರೂ ಕಳಿಸಿ ಅಂತ ಹೇಳಿ.

ಪ್ರಶ್ನೆ: ಎರಡು ವಾರದಿಂದ ಕೆಮ್ಮು ಅಂತ ತಾಲೂಕು ಆಸ್ಪತ್ರೆಯಲ್ಲಿ ಕಫ ಕೊಟ್ಟೆ. ಅದೇ ದಿನ ಟ್ರೂನಾಟ್‌ನಲ್ಲಿ ಟಿಬಿ ಇದೆ ಅಂತ ಹೇಳಿ ಮಾತ್ರೆ ಶುರು ಮಾಡಿದರು. ನಮ್ಮ ಮಾವನಿಗೆ ಹಿಂದೆ ಕಲ್ಚರ್ ಅಂತ ಒಂದೂವರೆ ತಿಂಗಳು ಕಾಯಿಸಿದ್ದರು. ಒಂದು ಗಂಟೆಯ ಟೆಸ್ಟ್ ನಂಬಬಹುದಾ? ನನ್ನ ಕಫವನ್ನೂ ಕಲ್ಚರ್‌ಗೆ ಕಳಿಸಿದ್ದಾರಂತೆ, ಅದ್ಯಾಕೆ? – ರಾಯಚೂರು ಜಿಲ್ಲೆಯ ಓದುಗರು

ಉತ್ತರ: ನಂಬಿ. ಮಾತ್ರೆ ಬಿಡಬೇಡಿ.

ಕಲ್ಚರ್‌ನಲ್ಲಿ ಜೀವಂತ ಟಿಬಿ ಬ್ಯಾಕ್ಟೀರಿಯಾ ಬೆಳೆದು ಕಾಣಿಸಬೇಕು. ಬೇರೆ ಎಷ್ಟೋ ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೆ ಒಂದು ಎರಡಾದರೆ ಇದಕ್ಕೆ ಮುಕ್ಕಾಲು ದಿನ ಬೇಕು. ಕಫದ ಜತೆ ಬಾಯಲ್ಲಿರುವ ಬೇರೆ ಬ್ಯಾಕ್ಟೀರಿಯಾವೂ ಬರುತ್ತದಲ್ಲ, ಅದನ್ನು ಹಾಗೇ ಬಿಟ್ಟರೆ ಟಿಬಿ ತಲೆ ಎತ್ತುವ ಮೊದಲು ಅವೇ ಇಡೀ ಟ್ಯೂಬ್ ತುಂಬಿಕೊಳ್ಳುತ್ತವೆ. ಅದಕ್ಕೆ ಲ್ಯಾಬಿನಲ್ಲಿ ಕಫಕ್ಕೆ ಎನ್‌ಎಎಲ್‌ಸಿ ಎಂಬ ವಸ್ತು ಮತ್ತು ಕಾಸ್ಟಿಕ್ ಸೋಡಾ ಹಾಕುತ್ತಾರೆ. ಮೊದಲನೆಯದು ಅಂಟನ್ನು ಕರಗಿಸುತ್ತದೆ. ಎರಡನೆಯದು ಬೇರೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಟಿಬಿ ಬ್ಯಾಕ್ಟೀರಿಯಾದ ಹೊದಿಕೆಯಲ್ಲಿ ಮೇಣದ ಅಂಶ ಜಾಸ್ತಿ ಇರುವುದರಿಂದ ಅದು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ, ಆದರೆ ಗಡಿಯಾರ ನೋಡದೆ ಬಿಟ್ಟರೆ ಅದೂ ಸತ್ತು ಕಲ್ಚರ್ ಸುಳ್ಳು ನೆಗೆಟಿವ್ ಬರುತ್ತದೆ. ಆಮೇಲೆ ಬಫರ್ ಹಾಕಿ, ಸೆಂಟ್ರಿಫ್ಯೂಜ್‌ನಲ್ಲಿ ಗುರುತ್ವದ 3000 ಪಟ್ಟು (3000 ಜಿ) ಬಲದಲ್ಲಿ ಕಾಲು ಗಂಟೆ ತಿರುಗಿಸಿ, ಗಸಿಯನ್ನು ಬೆಳೆಯಲು ಇಡುತ್ತಾರೆ. ದ್ರವದಲ್ಲಿ ಬೆಳೆಸುವ ಎಂಜಿಐಟಿ ವಿಧಾನದಲ್ಲಿ ‘ಇಲ್ಲ’ ಅನ್ನಲು 42 ದಿನ ಕಾಯಬೇಕು, ಹಳೆಯ ಎಲ್‌ಜೆ ಟ್ಯೂಬಿನಲ್ಲಿ ಎಂಟು ವಾರ. ನಿಮ್ಮ ಮಾವ ಕಾದದ್ದು ಇದಕ್ಕೆ.

ಟ್ರೂನಾಟ್, ಸಿಬಿನಾಟ್ ಎರಡೂ ಬ್ಯಾಕ್ಟೀರಿಯಾ ಬೆಳೆಯಲಿ ಅಂತ ಕಾಯುವುದೇ ಇಲ್ಲ. ಅದರ ಡಿಎನ್‌ಎ ಹುಡುಕುತ್ತವೆ. ಆ ಡಿಎನ್‌ಎಯನ್ನು ಕಫದ ಅಂಟಿನೊಳಗಿಂದ ಶುದ್ಧವಾಗಿ ಹೊರಗೆ ತೆಗೆಯುವುದೇ ಇಲ್ಲಿ ಕಷ್ಟದ ಕೆಲಸ. ಮೊದಲು ಅದಕ್ಕೆ ದೊಡ್ಡ ಲ್ಯಾಬ್, ಬೇರೆ ಬೇರೆ ಕೋಣೆ, ಪಳಗಿದ ಕೈ ಬೇಕಿತ್ತು. ಸಿಬಿನಾಟ್‌ನಲ್ಲಿ ಒಂದು ಪಾಲು ಕಫಕ್ಕೆ ಎರಡು ಪಾಲು ದ್ರಾವಣ ಹಾಕಿ ಅಲ್ಲಾಡಿಸಿ ಕಾಲು ಗಂಟೆ ಬಿಟ್ಟು ಕಾರ್ಟ್ರಿಜ್‌ಗೆ ಸುರಿದರೆ ಮುಗಿಯಿತು. ತೊಳೆಯುವುದು, ಶಬ್ದದ ಕಂಪನದಿಂದ ಬ್ಯಾಕ್ಟೀರಿಯಾ ಒಡೆಯುವುದು, ಡಿಎನ್‌ಎ ತೆಗೆದು ಪಿಸಿಆರ್ (ಅದರ ಪ್ರತಿಗಳನ್ನು ಹೆಚ್ಚಿಸಿ ಗುರುತಿಸುವುದು) ಮಾಡುವುದು ಎಲ್ಲ ಮುಚ್ಚಿದ ಆ ಡಬ್ಬಿಯೊಳಗೇ. ಎರಡು ಗಂಟೆಯೊಳಗೆ ಉತ್ತರ. ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಇದನ್ನು ಒಪ್ಪಿಕೊಂಡಿತು. ಟ್ರೂನಾಟ್ ನಮ್ಮದೇ. ಗೋವಾದ ಮೋಲ್ಬಿಯೊ ಕಂಪನಿಯದು, ಅದರ ಹಿಂದಿನ ಸಂಶೋಧನೆ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನದು. ಇದರಲ್ಲಿ ಡಿಎನ್‌ಎ ತೆಗೆಯಲು ಒಂದು ಚಿಕ್ಕ ಪೆಟ್ಟಿಗೆ, ಪಿಸಿಆರ್‌ಗೆ ಇನ್ನೊಂದು. ಎರಡೂ ಬ್ಯಾಟರಿಯಲ್ಲಿ ನಡೆಯುತ್ತವೆ, ಎಸಿ ಕೋಣೆ ಬೇಡ. ತಾಲೂಕು ಆಸ್ಪತ್ರೆಗೆ ಇದು ಬಂದದ್ದು ಅದಕ್ಕೇ. 2020ರಲ್ಲಿ ಇದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿತು.

ಇನ್ನು ಕಲ್ಚರ್. ಈ ಬೇಗದ ಟೆಸ್ಟ್‌ಗಳು ರಿಫಾಂಪಿಸಿನ್ ಎಂಬ ಮುಖ್ಯ ಔಷಧಿ ಕೆಲಸ ಮಾಡುತ್ತದಾ ಅಂತ ಹೇಳುತ್ತವೆ, ಮಿಕ್ಕ ಔಷಧಿಗಳ ಬಗ್ಗೆ ತಿಳಿಯಲು ಬೇರೆ ಪರೀಕ್ಷೆಗಳು ಬೇಕು. ಚಿಕಿತ್ಸೆ ನಡುವೆ ‘ವಾಸಿಯಾಗ್ತಾ ಇದೆಯಾ’ ಅಂತ ನೋಡಲೂ ಟ್ರೂನಾಟ್ ಬರುವುದಿಲ್ಲ, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಅದಕ್ಕೆ ಸಿಗುತ್ತದಲ್ಲ. ಅಲ್ಲಿ ಸ್ಮಿಯರ್ (ಕಫವನ್ನು ಸ್ಲೈಡಿಗೆ ಹಚ್ಚಿ ಮೈಕ್ರೋಸ್ಕೋಪ್‌ನಲ್ಲಿ ನೋಡುವುದು), ಕಲ್ಚರ್ ಬೇಕೇ ಬೇಕು.

ಪ್ರಶ್ನೆ: ನಾನು ಒಂದು ಸಣ್ಣ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ತಿಂಗಳಿಗೆ ಒಂದೆರಡು ಸಿಎಸ್‌ಎಫ್ (ಬೆನ್ನಿನ ನೀರು) ಬರುತ್ತವೆ. ಕೌಂಟ್‌ನಲ್ಲಿ ಕೋಶ ಇದೆ ಅಂತ ಕಾಣುತ್ತದೆ, ಸ್ಮಿಯರ್ ಮಾಡಿದರೆ ಸ್ಲೈಡ್ ಪೂರ್ತಿ ಖಾಲಿ. ಸೈಟೋಸ್ಪಿನ್ ಯಂತ್ರ ತಗೊಳ್ಳೋ ಶಕ್ತಿ ನಮ್ಮ ಮ್ಯಾನೇಜ್‌ಮೆಂಟಿಗೆ ಇಲ್ಲ. ಸೆಂಟ್ರಿಫ್ಯೂಜ್‌ನಲ್ಲಿ ಸ್ಪೀಡ್ ಜಾಸ್ತಿ ಇಟ್ಟರೆ ಬೇಗ ಆಗುತ್ತದಾ ಮೇಡಂ? – ಯಾದಗಿರಿ ಜಿಲ್ಲೆಯ ಓದುಗರು

ಉತ್ತರ: ಸ್ಪೀಡ್ ಜಾಸ್ತಿ ಇಟ್ಟರೆ ಕೋಶ ಒಡೆಯುತ್ತದೆ, ಅಷ್ಟೇ. ಬೆನ್ನಿನ ನೀರಿನಲ್ಲಿ ಪ್ರೋಟೀನ್ ತೀರಾ ಕಡಿಮೆ, ಕೋಶಕ್ಕೆ ಆಸರೆ ಇಲ್ಲ. ನಿಮಗೆ ನಿಜಕ್ಕೂ ಉಳಿಸಬೇಕಾದ ಹೊತ್ತು ಇರುವುದು ಸೆಂಟ್ರಿಫ್ಯೂಜ್‌ಗೆ ಹಾಕುವ ಮೊದಲು. ಸಿಎಸ್‌ಎಫ್ ಮೇಜಿನ ಮೇಲೆ ಹಾಗೇ ಕೂತಿದ್ದರೆ ಎರಡು ಗಂಟೆಯಲ್ಲಿ ನ್ಯೂಟ್ರೋಫಿಲ್‌ಗಳಲ್ಲಿ (ಬ್ಯಾಕ್ಟೀರಿಯಾ ಸೋಂಕಿನಲ್ಲಿ ಹೆಚ್ಚುವ ಬಿಳಿ ರಕ್ತಕಣ) ಹತ್ತಿರ ಹತ್ತಿರ ಅರ್ಧ ಕರಗಿ ಹೋಗಿರುತ್ತವೆ. ಆಗ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಕೂಡ ಲಿಂಫೋಸೈಟ್ ಜಾಸ್ತಿ ಇರುವ ಬೇರೇನೋ ಕಾಯಿಲೆ ಅನ್ನಿಸಿಬಿಡಬಹುದು. ಬಂದ ತಕ್ಷಣ, ಒಂದು ಗಂಟೆಯೊಳಗೆ, ಕೌಂಟ್ ಮುಗಿಸಿ. ಕಲ್ಚರ್‌ಗೆ ಹೋಗುವ ಟ್ಯೂಬನ್ನು ಫ್ರಿಜ್‌ನಲ್ಲಿ ಇಡಬೇಡಿ, ಮೆನಿಂಜೈಟಿಸ್ ತರುವ ಮೆನಿಂಗೋಕಾಕಸ್ ಬ್ಯಾಕ್ಟೀರಿಯಾ ಚಳಿಗೆ ಸಾಯುತ್ತದೆ.

ಸೈಟೋಸ್ಪಿನ್ ಏನು ಮಾಡುತ್ತದೆ ಅಂತ ಒಮ್ಮೆ ಬಿಡಿಸಿ ನೋಡಿದರೆ ಅದರಲ್ಲಿ ದೊಡ್ಡ ಮಾಯೆ ಏನಿಲ್ಲ. ಒಂದು ಸ್ಲೈಡ್. ಅದರ ಮೇಲೆ ನಡುವೆ ದುಂಡನೆಯ ತೂತಿರುವ ಫಿಲ್ಟರ್ ಕಾರ್ಡ್. ಆ ತೂತಿಗೆ ಬಾಯಿ ಸೇರುವ ಪ್ಲಾಸ್ಟಿಕ್ ಆಲಿಕೆ. ಮೂರನ್ನೂ ಬಿಗಿ ಹಿಡಿಯುವ ಸ್ಟೀಲ್ ಕ್ಲಿಪ್. ಆಲಿಕೆಗೆ ನಾಲ್ಕೈದು ಹನಿ ಸಿಎಸ್‌ಎಫ್, ಒಂದು ಹನಿ ಆಲ್ಬುಮಿನ್ ಹಾಕಿ ನಿಧಾನ ವೇಗದಲ್ಲಿ ಐದು ನಿಮಿಷ ತಿರುಗಿಸಿದರೆ ಕೋಶ ನೇರ ಸ್ಲೈಡಿಗೆ ಹೋಗಿ ಕೂರುತ್ತದೆ, ನೀರನ್ನು ಕಾರ್ಡ್ ಹೀರಿಕೊಳ್ಳುತ್ತದೆ. ಬಿಚ್ಚಿದಾಗ ಸ್ಲೈಡಿನ ಮೇಲೆ ಕಡಲೆಕಾಳಿಗಿಂತ ಚಿಕ್ಕ ಮಸುಕು ವೃತ್ತ ಮಾತ್ರ ಕಾಣುತ್ತದೆ. ಅಷ್ಟು ಜಾಗದಲ್ಲೇ ಎಲ್ಲ ಕೋಶಗಳೂ ಇರುತ್ತವೆ, ಹುಡುಕುವ ಕೆಲಸವೇ ಇಲ್ಲ. ಕಾರ್ಡ್ ತೂತಿಗೂ ಆಲಿಕೆಗೂ ಕೂದಲೆಳೆ ಅಂತರ ಬಂದರೂ ನೀರಿನ ಜತೆ ಕೋಶವೂ ಕಾರ್ಡಿಗೆ ಹೋಗಿಬಿಡುತ್ತದೆ, ಹೊಸಬರು ಎಡವುವುದು ಇಲ್ಲೇ.

ಯಂತ್ರ ಇಲ್ಲದಿದ್ದರೆ, ಮಾಮೂಲಿ ಸೆಂಟ್ರಿಫ್ಯೂಜ್‌ನಲ್ಲಿ ಮೆಲ್ಲಗೆ ಹತ್ತು ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ಬೇರೆ ಟ್ಯೂಬಿಗೆ ಎತ್ತಿಟ್ಟು (ಚೆಲ್ಲಬೇಡಿ, ಗ್ಲೂಕೋಸ್, ಪ್ರೋಟೀನ್‌ಗೆ ಅದು ಬೇಕು), ತಳದ ಒಂದು ಹನಿಗೆ ಒಂದು ಹನಿ ಸೀರಮ್ ಅಥವಾ ಆಲ್ಬುಮಿನ್ ಸೇರಿಸಿ. ಅದನ್ನು ಸ್ಲೈಡಿನಲ್ಲಿ ಎಳೆಯದೆ ಚಿಕ್ಕ ವೃತ್ತವಾಗಿ ಬಿಟ್ಟು, ಬೇಗ ಒಣಗಿಸಿ. ವೃತ್ತದ ಜಾಗಕ್ಕೆ ಸ್ಲೈಡಿನ ಹಿಂಭಾಗದಲ್ಲಿ ಮಾರ್ಕರ್ ಗುರುತು ಹಾಕಿ. ಸ್ಲೈಡ್ ಖಾಲಿ ಅನ್ನುವ ದೂರು ಅರ್ಧ ಕಡಿಮೆಯಾಗುತ್ತದೆ.

ಸ್ಪೀಡ್ ಬಗ್ಗೆ ಇನ್ನೂ ಒಂದು. ಪುಸ್ತಕದಲ್ಲಿ ‘ಜಿ’ ಅಂತ ಇರುತ್ತದೆ, ನಿಮ್ಮ ಸೆಂಟ್ರಿಫ್ಯೂಜ್ ತೋರಿಸುವುದು ಆರ್‌ಪಿಎಂ. ಎರಡೂ ಒಂದೇ ಅಲ್ಲ. ಜಾತ್ರೆಯ ತಿರುಗುವ ಕುದುರೆಯಲ್ಲಿ ಹೊರಸಾಲಿನಲ್ಲಿ ಕೂತವರಿಗೆ ಎಳೆತ ಜಾಸ್ತಿ ಅಲ್ವಾ, ಹಾಗೆ. ಲೆಕ್ಕ ಹೀಗೆ: ನಡುವಿನ ಕಡ್ಡಿಯಿಂದ ಟ್ಯೂಬಿನ ತಳದವರೆಗೆ ಎಷ್ಟು ಸೆಂಟಿಮೀಟರ್ ಅಂತ ಅಳೆಯಿರಿ, ಅದನ್ನು ಆರ್‌ಪಿಎಂನ ವರ್ಗದಿಂದ ಗುಣಿಸಿ, ಮತ್ತೆ 0.00001118ರಿಂದ ಗುಣಿಸಿ. 10 ಸೆಂಟಿಮೀಟರ್ ಇದ್ದರೆ 3000 ಆರ್‌ಪಿಎಂಗೆ ಸುಮಾರು 1000 ಜಿ ಬರುತ್ತದೆ. ಅದೇ 15 ಸೆಂಟಿಮೀಟರ್ ಇದ್ದರೆ 1500 ಜಿ. ಪಕ್ಕದ ಲ್ಯಾಬಿನವರು ಹೇಳಿದ ಆರ್‌ಪಿಎಂ ನಿಮ್ಮ ಮಿಷನ್‌ಗೆ ಹೊಂದದೇ ಇರುವುದು ಇದಕ್ಕೆ.

ಪ್ರಶ್ನೆ: ಅಮ್ಮನಿಗೆ ಚಳಿಜ್ವರ ಬಂದು ಐಸಿಯುನಲ್ಲಿದ್ದರು. ಕಲ್ಚರ್ ಅಂತ ಎರಡು ಕೈಯಿಂದಲೂ ಬಾಟಲಿಗಟ್ಟಲೆ ರಕ್ತ ತೆಗೆದರು, ರಿಪೋರ್ಟ್ ಬರಲು ಮೂರು ದಿನ. ನಮ್ಮ ಭಾವನ ಕೇಸಲ್ಲಿ ಬೇರೆ ಆಸ್ಪತ್ರೆಯಲ್ಲಿ ಮಾರನೇ ದಿನವೇ ಬ್ಯಾಕ್ಟೀರಿಯಾ ಹೆಸರು ಹೇಳಿದ್ದರು. – ಮಂಗಳೂರಿನ ಓದುಗರು

ಉತ್ತರ: ಮೊದಲು ರಕ್ತದ ಪ್ರಮಾಣ. ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಎಂಎಲ್ ಬೇಕು, ಎರಡು ಕಡೆಯಿಂದ. ಸೋಂಕು ಮೈಯೆಲ್ಲ ಕೆಡಿಸುವ ಸೆಪ್ಸಿಸ್‌ನಲ್ಲೂ ಒಂದು ಎಂಎಲ್ ರಕ್ತದಲ್ಲಿ ಬೆರಳೆಣಿಕೆಯಷ್ಟೇ ಬ್ಯಾಕ್ಟೀರಿಯಾ ಇರಬಹುದು, ಕಡಿಮೆ ತೆಗೆದರೆ ಸಿಗದೇ ಹೋಗುತ್ತದೆ. ಎರಡು ಕಡೆ ಯಾಕೆಂದರೆ ಒಂದರಲ್ಲಿ ಮಾತ್ರ ಬೆಳೆದರೆ ಅದು ಚರ್ಮದ ಮೇಲಿನದ್ದಿರಬಹುದು.

ಬಾಟಲಿಯಲ್ಲಿ ಬೆಳೆಯುವ ಹೊತ್ತನ್ನು ಯಾರೂ ಕಡಿಮೆ ಮಾಡಲಾರರು. ಮಿಷನ್ ಸದಾ ನೋಡುತ್ತಾ ಇರುತ್ತದೆ, ಬೆಳೆದ ತಕ್ಷಣ ಬೀಪ್ ಅನ್ನುತ್ತದೆ. ಬೆಳೆಯುವುದಿದ್ದರೆ ಹೆಚ್ಚಿನವು ಒಂದೆರಡು ದಿನದಲ್ಲೇ ಬೆಳೆಯುತ್ತವೆ. ವ್ಯತ್ಯಾಸ ಇರುವುದು ಬೀಪ್ ಆದ ಮೇಲೆ. ಹಳೆಯ ಕ್ರಮದಲ್ಲಿ ಒಂದು ಹನಿಯನ್ನು ಪ್ಲೇಟಿಗೆ ಹಚ್ಚಿ, ರಾತ್ರಿಯಿಡೀ ಬೆಳೆಸಿ, ಮಾರನೇ ದಿನ ಹೆಸರು ಹಚ್ಚಿ, ಅದರ ಮಾರನೇ ದಿನ ಯಾವ ಆಂಟಿಬಯೋಟಿಕ್ ಅಂತ ಹೇಳುತ್ತಿದ್ದರು. ಹೊಸ ಕ್ರಮದಲ್ಲಿ ಪ್ಲೇಟಿಗೆ ಕಾಯದೆ, ಬಾಟಲಿಯ ರಕ್ತಕ್ಕೇ ಕಣ ಒಡೆಯುವ ದ್ರಾವಣ ಹಾಕಿ, ತಿರುಗಿಸಿ, ತೊಳೆದು, ತಳದಲ್ಲಿ ಉಳಿದ ಬ್ಯಾಕ್ಟೀರಿಯಾವನ್ನು ಮಾಲ್ಡಿ-ಟಾಫ್ ಎಂಬ ಯಂತ್ರಕ್ಕೆ ಇಡುತ್ತಾರೆ. ಆ ಯಂತ್ರ ಬ್ಯಾಕ್ಟೀರಿಯಾದ ಪ್ರೋಟೀನ್‌ಗಳನ್ನು ಲೇಸರ್‌ನಿಂದ ಹಾರಿಸಿ ತೂಕ ನೋಡಿ ನಿಮಿಷಗಳಲ್ಲಿ ಹೆಸರು ಹೇಳುತ್ತದೆ. ಬಾಟಲಿಯ ರಕ್ತವನ್ನು ನೇರ ಪ್ಲೇಟಿಗೆ ಹಚ್ಚಿ, ಆಂಟಿಬಯೋಟಿಕ್ ಡಿಸ್ಕ್ ಇಟ್ಟು 4, 6 ಇಲ್ಲವೇ 8 ಗಂಟೆಗೆ ಆಂಟಿಬಯೋಟಿಕ್ ಉತ್ತರ ಓದುವ ವಿಧಾನವನ್ನೂ ಯುರೋಪಿನ ಯೂಕಾಸ್ಟ್ ಸಮಿತಿ ರೂಪಿಸಿದೆ. ಎಲ್ಲ ಬ್ಯಾಕ್ಟೀರಿಯಾಕ್ಕೂ ಅಲ್ಲ, ಮುಖ್ಯವಾದ ಕೆಲವಕ್ಕೆ.

ಮಾಲ್ಡಿ ದುಬಾರಿ, ಎಲ್ಲ ಊರಲ್ಲೂ ಇರುವುದಿಲ್ಲ. ಆದರೆ ಬೀಪ್ ಆದ ಅರ್ಧ ಗಂಟೆಯೊಳಗೆ ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಾದ ಗುಂಪು ತೋರಿಸುವ ಬಣ್ಣ) ಮಾಡಿ ವಾರ್ಡಿಗೆ ಫೋನ್ ಮಾಡುವುದಕ್ಕೆ ಯಾವ ದುಡ್ಡೂ ಬೇಡ. ರಾತ್ರಿ ಎರಡು ಗಂಟೆಗೆ ಬೀಪ್ ಆದ ಬಾಟಲಿ ಬೆಳಿಗ್ಗೆ ಒಂಬತ್ತರವರೆಗೆ ಹಾಗೇ ಕೂತಿದ್ದರೆ, ಅಲ್ಲಿ ಹೋದ ಏಳು ಗಂಟೆಯನ್ನು ಯಾವ ಯಂತ್ರವೂ ವಾಪಸ್ ತಂದುಕೊಡುವುದಿಲ್ಲ.

ಪ್ರಶ್ನೆ: ಮನೆಗೇ ಬಂದು ರಕ್ತ ತಗೊಂಡು ಹೋಗ್ತಾರೆ, ಅನುಕೂಲವೇನೋ ಹೌದು. ಆದರೆ ಫಾಸ್ಟಿಂಗ್ ಶುಗರ್ ಮನೆಯ ಮೀಟರ್‌ನಲ್ಲಿ 128 ಇದ್ದದ್ದು ಅವರ ರಿಪೋರ್ಟ್‌ನಲ್ಲಿ 109 ಬಂತು. ಯಾವುದನ್ನು ನಂಬಲಿ? – ಬೆಂಗಳೂರಿನ ಓದುಗರು

ಉತ್ತರ: ಮೀಟರ್‌ನಲ್ಲೂ ಹೆಚ್ಚುಕಡಿಮೆ ಇರುತ್ತದೆ, ಅದು ಒಂದು ಕಡೆ. ಆದರೆ ಬೈಕಿನ ಬ್ಯಾಗನ್ನು ಮರೆಯಬೇಡಿ. ಟ್ಯೂಬಿನಲ್ಲಿರುವ ರಕ್ತಕಣಗಳಿಗೆ ಇನ್ನೂ ಜೀವ ಇರುತ್ತದೆ, ಅವು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ, ಗಂಟೆಗೆ 5ರಿಂದ 7 ಪರ್ಸೆಂಟ್. ಬಿಸಿಲಿಗೆ ಇನ್ನೂ ಜಾಸ್ತಿ. ಎರಡು ಮೂರು ಮನೆ ಸುತ್ತಿ, ಟ್ರಾಫಿಕ್‌ನಲ್ಲಿ ನಿಂತು ಎರಡೂವರೆ ಗಂಟೆ ಆದರೆ 128 ಇದ್ದದ್ದು 109 ಆಗುವುದರಲ್ಲಿ ಆಶ್ಚರ್ಯವಿಲ್ಲ. ಡಯಾಬಿಟಿಸ್ ಗೆರೆ ಇರುವುದು 126ರಲ್ಲಿ, ನೋಡಿ.

ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇರುವುದು ಇದನ್ನು ತಡೆಯಲು. ಅದು ಕೂಡ ಪೂರ್ತಿ ಹಿಡಿತಕ್ಕೆ ಬರಲು ಒಂದೆರಡು ಗಂಟೆ ತೆಗೆದುಕೊಳ್ಳುತ್ತದೆ, ಸಿಟ್ರೇಟ್ ಸೇರಿದ ಟ್ಯೂಬ್ ಆದರೆ ತಕ್ಷಣ ತಡೆಯುತ್ತದೆ. ಇಲ್ಲದಿದ್ದರೆ ಬೇಗ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಬೇಕು. ಬಂದವರ ಕೈಯಲ್ಲಿ ಯಾವ ಬಣ್ಣದ ಮುಚ್ಚಳ ಇದೆ, ತಂಪು ಪೆಟ್ಟಿಗೆ ಇದೆಯಾ, ಲ್ಯಾಬಿಗೆ ಎಷ್ಟೊತ್ತಿಗೆ ತಲುಪುತ್ತದೆ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಗೆರೆಯ ಹತ್ತಿರ ಇರುವವರು ಒಂದು ಸಲ ಲ್ಯಾಬಿಗೇ ಹೋಗಿ ಕೊಡುವುದು ಒಳ್ಳೆಯದು.

ಇದೇ ಪತ್ರದಲ್ಲಿ, ಥೈರಾಯ್ಡ್, ಕೊಲೆಸ್ಟ್ರಾಲ್‌ಗೆ ರಕ್ತ ಕೊಟ್ಟ ಮೇಲೆ ‘ಅರ್ಧ ಗಂಟೆ ಹೆಪ್ಪಾಗಲಿ’ ಅಂತ ಯಾಕೆ ಇಡುತ್ತಾರೆ ಅಂತಲೂ ಕೇಳಿದ್ದಾರೆ. ಹೆಪ್ಪಾಗುವ ಮೊದಲೇ ತಿರುಗಿಸಿದರೆ ಸೀರಮ್‌ನಲ್ಲಿ ಫೈಬ್ರಿನ್ ಎಳೆಗಳು ಉಳಿದು ಮಿಷನ್‌ನ ಸೂಜಿಗೆ ಸಿಕ್ಕಿಕೊಳ್ಳುತ್ತವೆ. ತ್ರಾಂಬಿನ್ ಇರುವ ಟ್ಯೂಬಿನಲ್ಲಿ ಐದು ನಿಮಿಷಕ್ಕೇ ಹೆಪ್ಪಾಗುತ್ತದೆ. ಎಮರ್ಜೆನ್ಸಿಯಲ್ಲಿ ಹೆಪ್ಪಿನ ಗೊಡವೆಯೇ ಬೇಡ ಅಂತ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬಳಸುತ್ತಾರೆ, ಬಂದ ತಕ್ಷಣ ತಿರುಗಿಸಬಹುದು.

ಪ್ರಶ್ನೆ: ನಮ್ಮ ಕಡೆ ಪ್ರತಿ ವರ್ಷ ಮಂಗನ ಕಾಯಿಲೆ ಭಯ. ಕೊರೊನಾ ಟೈಮಲ್ಲಿ ಮೂಗಿನ ಕಡ್ಡಿಯಿಂದ ಅಷ್ಟು ಬೇಗ ಟೆಸ್ಟ್ ಮಾಡ್ತಿದ್ದರು. ಇದಕ್ಕೂ ಹಾಗೇ ಮಾಡೋಕೆ ಆಗಲ್ವಾ? – ತೀರ್ಥಹಳ್ಳಿಯ ಓದುಗರು

ಉತ್ತರ: ಒಳ್ಳೆಯ ಪ್ರಶ್ನೆ. ಎರಡೂ ಆರ್‌ಎನ್‌ಎ ವೈರಸ್, ಎರಡಕ್ಕೂ ಆರ್‌ಟಿ-ಪಿಸಿಆರ್. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದಾಗ ವೈರಸ್ಸನ್ನು ಇಲಿಮರಿಗಳಲ್ಲಿ ಬೆಳೆಸಿ ನೋಡಬೇಕಿತ್ತು, ಅದಕ್ಕೆ ಹೋಲಿಸಿದರೆ ಈಗ ತುಂಬ ಬೇಗ. ತಡ ಆಗುವುದು ಆರ್‌ಎನ್‌ಎ ಹೊರತೆಗೆಯುವುದರಲ್ಲಿ. ಕೊರೊನಾದಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯವರು ಒಣ ಕಡ್ಡಿ ವಿಧಾನ ತಂದರು: ಕಡ್ಡಿಯನ್ನು ಬಫರ್‌ನಲ್ಲಿ ಅದ್ದಿ, ಬಿಸಿ ಮಾಡಿ, ನೇರ ಪಿಸಿಆರ್‌ಗೆ. ಆರ್‌ಎನ್‌ಎ ತೆಗೆಯುವ ಹಂತವನ್ನೇ ಬಿಟ್ಟುಬಿಟ್ಟರು. 2020ರ ನವೆಂಬರ್‌ನಲ್ಲಿ ಐಸಿಎಂಆರ್ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಮಂಗನ ಕಾಯಿಲೆಯ ವೈರಸ್ ಹುಡುಕುವುದು ರಕ್ತದಲ್ಲಿ. ರಕ್ತದ ಹೀಮ್ ಪಿಸಿಆರ್‌ಗೆ ಅಡ್ಡಿ ಮಾಡುತ್ತದೆ, ಸುಮ್ನೆ ಬಿಸಿ ಮಾಡಿದರೆ ಸಾಲದು. ವೈರಸ್ಸನ್ನು ರಾಸಾಯನಿಕದಲ್ಲಿ ಕೊಂದು, ಆರ್‌ಎನ್‌ಎಯನ್ನು ಸಿಲಿಕಾಕ್ಕೋ ಮ್ಯಾಗ್ನೆಟಿಕ್ ಮಣಿಗಳಿಗೋ ಅಂಟಿಸಿ, ತೊಳೆದು ತೆಗೆಯಲೇಬೇಕು. ಮಣಿಯ ಯಂತ್ರದಲ್ಲಿ ಎಷ್ಟೋ ಸ್ಯಾಂಪಲ್ ಒಟ್ಟಿಗೇ ಅರ್ಧ ಗಂಟೆ ಸುಮಾರಿಗೆ ಆಗುತ್ತದೆ. ಮೇಲೆ ಹೇಳಿದ ಟ್ರೂನಾಟ್ ಪೆಟ್ಟಿಗೆಗೆ ಮಂಗನ ಕಾಯಿಲೆಯ ಚಿಪ್ ಕೂಡ ಮಾಡಿದ್ದಾರೆ. ಕಾಡಂಚಿನ ಊರುಗಳಿಗೆ ಇದು ಸರಿಯಾದ ದಾರಿ ಅಂತ ನನಗನ್ನಿಸುತ್ತದೆ. ನಿಮ್ಮ ಕೈಯಲ್ಲಿರುವುದು ಒಂದು: ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಮೊದಲ ದಿನಗಳಲ್ಲೇ ರಕ್ತ ಕೊಡಿಸಿ. ವಾರ ದಾಟಿದರೆ ರಕ್ತದಲ್ಲಿ ವೈರಸ್ ಕಡಿಮೆಯಾಗುತ್ತಾ ಹೋಗುತ್ತದೆ, ಆಗ ಐಜಿಎಂ ಎಂಬ ಪ್ರತಿಕಾಯ ಹುಡುಕುವ ಟೆಸ್ಟ್ ಕಡೆ ಹೋಗಬೇಕಾಗುತ್ತದೆ.

ಪ್ರಶ್ನೆ: ಬೆಳಿಗ್ಗೆ ಆರಕ್ಕೆ ಮೂತ್ರ ಹಿಡಿದಿಟ್ಟು ಹನ್ನೊಂದಕ್ಕೆ ಲ್ಯಾಬಿಗೆ ಕೊಟ್ಟರೆ ನಡೆಯುತ್ತದಾ? – ಹಾಸನದ ಓದುಗರು

ಉತ್ತರ: ಹೊರಗಿಟ್ಟರೆ ಇಲ್ಲ. ಐದು ಗಂಟೆಯಲ್ಲಿ ಬ್ಯಾಕ್ಟೀರಿಯಾ ಬೇಕಾದಷ್ಟು ಹೆಚ್ಚಿರುತ್ತದೆ, ಇನ್ಫೆಕ್ಷನ್ ಇಲ್ಲದವರಿಗೂ ಇದೆ ಅನ್ನಿಸುತ್ತದೆ. ಎರಡು ಗಂಟೆಯೊಳಗೆ ಕೊಡಿ. ಆಗದಿದ್ದರೆ ಡಬ್ಬಿ ಬಿಗಿಯಾಗಿ ಮುಚ್ಚಿ, ಕವರ್‌ನಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಕಲ್ಚರ್‌ಗೆ 24 ಗಂಟೆವರೆಗೆ ನಡೆಯುತ್ತದೆ. ದೂರದಿಂದ ಬರುವವರಿಗೆ ಬೋರಿಕ್ ಆ್ಯಸಿಡ್ ಇರುವ ಡಬ್ಬಿ ಸಿಗುತ್ತದೆ, ಅದನ್ನು ಗೆರೆಯವರೆಗೆ ತುಂಬಿಸಬೇಕು, ಅರ್ಧ ತುಂಬಿಸಿದರೆ ಆ್ಯಸಿಡ್ ಪ್ರಮಾಣ ಜಾಸ್ತಿಯಾಗಿ ಬ್ಯಾಕ್ಟೀರಿಯಾವೇ ಸಾಯಬಹುದು. ಕಲ್ಚರ್‌ಗೆ ಬೆಳಿಗ್ಗೆಯದ್ದೇ ಆಗಬೇಕೆಂದೇನಿಲ್ಲ. ಲ್ಯಾಬಿಗೇ ಹೋಗಿ, ಮೂರ್ನಾಲ್ಕು ಗಂಟೆ ಮೂತ್ರ ತಡೆದಿದ್ದರೆ ಸಾಕು, ಮೊದಲ ಸ್ವಲ್ಪ ಬಿಟ್ಟು ನಡುವಿನದನ್ನು ಹಿಡಿದು ಅಲ್ಲೇ ಕೊಡಿ.